ತೋಟಾ ನಾನೇ ತುಂಬಿಕೊಂಡರೆ ಗುರಿ ಸುಧಾರಿಸುತ್ತದಾ?

ಓದುಗರ ಪ್ರಶ್ನೆ:

"ಸರ್, ನಾನು ಗದಗದವನು. ವಯಸ್ಸು 34, ಕಾಲೇಜೊಂದರ ಫಿಸಿಕ್ಸ್ ಲ್ಯಾಬ್‌ನಲ್ಲಿ ಕೆಲಸ. ನಾಲ್ಕು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದೇನೆ. 60 ಗುಂಡಿನ ಸ್ಕೋರು 612ರ ಆಸುಪಾಸಿಗೆ ಬಂದು ನಿಂತುಬಿಟ್ಟಿದೆ. ಹೋದ ವರ್ಷ ಲೈಸೆನ್ಸ್ ಸಿಕ್ಕಿತು. ಆವಾಗಿನಿಂದ ತಿಂಗಳಿಗೊಮ್ಮೆ ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿಗೆ ಹೋಗಿ .22 ರೈಫಲ್‌ನಲ್ಲಿ 50 ಮೀಟರ್ ಮಲಗಿ ಹೊಡೆಯುತ್ತೇನೆ. ಹತ್ತು ಗುಂಡಿನ ಗ್ರೂಪ್, ಅಂದರೆ ಗುಂಡುಗಳು ಹರಡಿದ ಅಗಲ, 28-30 ಮಿ.ಮೀ. ಆಗುತ್ತಿದೆ. ಒಮ್ಮೆ ಐದು ಗುಂಡು 12 ಮಿ.ಮೀ. ಒಳಗೆ ಬಿದ್ದವು, ಅದೇ ಡಬ್ಬಿಯ ಮುಂದಿನ ಐದು 24ಕ್ಕೆ ಹರಡಿದವು. ಕೊಡಗಿನ ಗೆಳೆಯನೊಬ್ಬ 'ಫ್ಯಾಕ್ಟರಿ ತೋಟಾ ನಂಬಬೇಡ, ನೀನೇ ತುಂಬಿಕೋ' ಅಂತಾನೆ. ವಿಡಿಯೋಗಳಲ್ಲೂ ವಿದೇಶದವರು ಹ್ಯಾಂಡ್‌ಲೋಡಿಂಗ್ ಮಾಡಿ ಒಂದೇ ತೂತಿನಲ್ಲಿ ಐದು ಗುಂಡು ಹಾಕುತ್ತಾರೆ. ಮೂರು .22 ತೋಟಾ ಬಿಚ್ಚಿ ಮದ್ದು ತೂಗಿ ನೋಡಿದೆ, ಮೂರರಲ್ಲೂ ಸ್ವಲ್ಪ ವ್ಯತ್ಯಾಸ ಇದೆ. ಸರಿಯಾಗಿ ತೂಗಿ ವಾಪಸ್ ತುಂಬಿದರೆ ಗುರಿ ಸುಧಾರಿಸುತ್ತದೆಯೇ? ಏರ್ ರೈಫಲಿನ ಸೀಸದ ಪುಟ್ಟ ಗುಂಡು, ಅಂದರೆ ಪೆಲೆಟ್‌ಗಳನ್ನೂ ತೂಗಿ ಆರಿಸಬೇಕೇ?"

ಮೊದಲು ಒಂದು ಮಾತು. ಆ ಮೂರರ ನಂತರ ನಾಲ್ಕನೆಯದನ್ನು ದಯವಿಟ್ಟು ಬಿಚ್ಚಬೇಡಿ. ಕಾರಣ ಕೆಳಗೆ ಹೇಳುತ್ತೇನೆ. ಬಿಚ್ಚಿಟ್ಟ ಮೂರನ್ನು ಏನು ಮಾಡಬೇಕು ಅನ್ನುವುದನ್ನು ಕೊನೆಗೆ ಬರೆದಿದ್ದೇನೆ, ಅದನ್ನು ತಪ್ಪದೆ ಓದಿ.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಪುಣೆಗೆ ಹೋಗಿ, ದುಬಾರಿ ತೋಟಾ ಸುಟ್ಟು, ಸ್ಕೋರು ಅಲ್ಲೇ ನಿಂತರೆ ಯಾರಿಗಾದರೂ ಸಂಕಟವಾಗುತ್ತದೆ. ಹುಬ್ಬಳ್ಳಿಯಲ್ಲಿ ನಾನು ರೈಫಲ್ ಕಲಿಸಲು ಶುರು ಮಾಡಿ ಹದಿನೆಂಟು ವರ್ಷವಾಯಿತು. 610 ದಾಟದೆ ನಿಂತವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಅನುಮಾನ ಪಡುವುದು ತೋಟಾ ಮೇಲೆ, ಇಲ್ಲವೇ ಪೆಲೆಟ್ ಮೇಲೆ. ಆ ಅನುಮಾನದಲ್ಲಿ ಸ್ವಲ್ಪ ನಿಜವೂ ಇದೆ. ಎಷ್ಟು ನಿಜ ಅನ್ನುವುದನ್ನು ಅಳೆಯಲು ಬರುತ್ತದೆ. ನೀವು ಲ್ಯಾಬ್‌ನವರು, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ವಿಡಿಯೋದಲ್ಲಿ ನೀವು ನೋಡಿದ್ದು ಸುಳ್ಳಲ್ಲ. ಆದರೆ ಆ ತೋಟಾಗಳು .22 ಅಲ್ಲ, ಸೆಂಟರ್‌ಫೈರ್. ಅವುಗಳಲ್ಲಿ ಪ್ರೈಮರ್ ಅನ್ನುವ ಕಿಡಿಬಟ್ಟಲು ತಳದ ನಡುವೆ ಬೇರೆಯಾಗಿ ಕೂತಿರುತ್ತದೆ. ಹೊಡೆದ ಮೇಲೆ ಹಳೆ ಪ್ರೈಮರ್ ತೆಗೆದು ಹೊಸದು ಕೂರಿಸಬಹುದು, ಹಿತ್ತಾಳೆ ಕೇಸನ್ನು ಮತ್ತೆ ಬಳಸಬಹುದು. ಕಾನೂನು ಒಪ್ಪುವ ದೇಶಗಳಲ್ಲಿ ದೂರದ ಗುರಿಗೆ ಹೊಡೆಯುವವರು ಇದನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡುತ್ತಾರೆ. ಒಂದೇ ಲಾಟಿನ, ಅಂದರೆ ಒಂದೇ ಸಲ ತಯಾರಾದ ಕೇಸ್ ಆರಿಸುತ್ತಾರೆ, ಕತ್ತಿನ ಬಿಗಿ ಒಂದೇ ಸಮ ಮಾಡುತ್ತಾರೆ, ಗುಂಡನ್ನು ಒಂದೇ ಆಳಕ್ಕೆ ಕೂರಿಸುತ್ತಾರೆ, ಮದ್ದನ್ನು ಒಂದೇ ತೂಕಕ್ಕೆ ತರುತ್ತಾರೆ. ಮದ್ದು ಜಾಸ್ತಿ ಹಾಕಿದರೆ ಗುಂಡು ನೇರ ಹೋಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಎಷ್ಟೋ ಸಲ ಸ್ವಲ್ಪ ನಿಧಾನದ ತೋಟಾನೇ ಚೆನ್ನಾಗಿ ಗುಂಪುಗೂಡುತ್ತದೆ. ಅವರು ಹುಡುಕುವುದು ಜೋರನ್ನಲ್ಲ. ಮೊದಲ ಗುಂಡು ಹೇಗೆ ಹೊರಟಿತೋ ಐವತ್ತನೆಯದೂ ಹಾಗೇ ಹೊರಡಬೇಕು, ಅಷ್ಟೇ.

ನಿಮ್ಮ .22 ತೋಟಾದಲ್ಲಿ ಬೇರೆ ಪ್ರೈಮರ್ ಇಲ್ಲ. ತಳದ ಅಂಚು ಇದೆಯಲ್ಲ, ಹಿಂದುಗಡೆ ಸ್ವಲ್ಪ ಹೊರಚಾಚಿದ ಆ ಬಳೆ, ಅದರ ಮಡಿಕೆಯ ಒಳಗೇ ಕಿಡಿಮದ್ದು ಅಂಟಿರುತ್ತದೆ. ಒದ್ದೆಯಾಗಿದ್ದಾಗ ಹಾಕಿ, ಕೇಸನ್ನು ಗಿರ್ರನೆ ತಿರುಗಿಸಿ ಅಂಚಿಗೆ ಹರಡಿ, ಒಣಗಿಸಿರುತ್ತಾರೆ. ಕುದುರೆ (ಟ್ರಿಗರ್) ಎಳೆದಾಗ ಪಿನ್ನು ಆ ಅಂಚನ್ನೇ ಜಜ್ಜುತ್ತದೆ, ಕಿಡಿ ಹತ್ತುತ್ತದೆ. ಈಗ ಯೋಚಿಸಿ: ಪಕ್ಕಡ್‌ನಲ್ಲಿ ಅದೇ ಅಂಚನ್ನು ಹಿಡಿದು ಗುಂಡು ಕೀಳಲು ಹೋದರೆ? ನಮ್ಮ ಹುಡುಗನೊಬ್ಬ ಹೀಗೇ ಮಾಡಿದ್ದ. ತೋಟಾ ಅವನ ಕೈಯಲ್ಲೇ ಸಿಡಿಯಿತು. ಗಟ್ಟಿ ಬ್ಯಾರೆಲ್ ಸುತ್ತ ಇಲ್ಲದಿದ್ದಾಗ ಗುಂಡು ದೂರ ಹಾರುವುದಿಲ್ಲ, ಕೇಸೇ ಒಡೆಯುತ್ತದೆ. ಹಿತ್ತಾಳೆಯ ಚೂರು ಹೆಬ್ಬೆರಳಿನ ಬುಡಕ್ಕೆ ನೆಟ್ಟಿತ್ತು. ಕನ್ನಡಕ ಇದ್ದಿದ್ದಕ್ಕೆ ಕಣ್ಣು ಉಳಿಯಿತು. ಆ ಕನ್ನಡಕದ ಗಾಜಿನ ಮೇಲಿದ್ದ ಗೀರನ್ನು ನಾನು ಇವತ್ತಿಗೂ ಮರೆತಿಲ್ಲ.

ಸಿಡಿಯದೆ ಉಳಿದರೂ ಲಾಭವಿಲ್ಲ. .22 ಗುಂಡು ಮೆತ್ತನೆ ಸೀಸ, ಮೇಲೆ ಮೇಣದ ತೆಳು ಲೇಪ. ಅದರ ಹಿಂಭಾಗ ಕೇಸಿನ ಬಾಯೊಳಗೆ ಕೂತಿರುತ್ತದೆ, ಬಾಯಿ ಅದನ್ನು ಕಚ್ಚಿ ಹಿಡಿದಿರುತ್ತದೆ. ಕಿತ್ತ ಮೇಲೆ ಆ ಕಚ್ಚುವಿಕೆ ಮೊದಲಿನಂತೆ ಆಗುವುದಿಲ್ಲ, ಸೀಸ ತೂಕದಲ್ಲೂ ರೂಪದಲ್ಲೂ ಬದಲಾಗಿರುತ್ತದೆ, ಮೇಣ ಕಿತ್ತುಹೋಗಿರುತ್ತದೆ. ಮದ್ದಿನಲ್ಲಿ ಒಂದು ವ್ಯತ್ಯಾಸ ಸರಿಮಾಡಲು ಹೋಗಿ ನಾಲ್ಕು ಹೊಸ ವ್ಯತ್ಯಾಸ ತಂದುಕೊಂಡಂತೆ. ಜೊತೆಗೆ ಇಷ್ಟು ಚಿಕ್ಕ ತೂಕದಲ್ಲಿ ಮೂರು ತೋಟಾ ನೋಡಿ ಏನನ್ನೂ ಹೇಳಲು ಬರುವುದಿಲ್ಲ. ತಕ್ಕಡಿಯ ದೋಷ ಎಷ್ಟು, ಕಿತ್ತಾಗ ಕೇಸಿನಲ್ಲೇ ಅಂಟಿ ಉಳಿದ ಕಣ ಎಷ್ಟು ಅನ್ನುವುದೂ ಅದರಲ್ಲಿ ಸೇರಿರುತ್ತದೆ.

ಇನ್ನು ಕಾನೂನು. ನಿಮ್ಮ ಲೈಸೆನ್ಸ್ ಇರುವುದು ರೈಫಲ್ ಮತ್ತು ತೋಟಾ ಇಟ್ಟುಕೊಳ್ಳಲು. ತೋಟಾ ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಅದಿಲ್ಲದೆ ತಯಾರಿಸಿದರೆ 25ನೇ ಕಲಂ ಕೆಳಗೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ನಿಮ್ಮ ಕೊಡಗಿನ ಗೆಳೆಯ ಅವರ ಮನೆತನದ ಅನುಭವದಿಂದ ಹೇಳಿರಬಹುದು. ಹಿರಿಯರು ಹಳೆ ಬಂದೂಕಿಗೆ ನಳಿಗೆಯ ಬಾಯಿಂದ ಕರಿಮದ್ದು ತುಂಬುತ್ತಿದ್ದ ನೆನಪು ಅಲ್ಲಿ ಇನ್ನೂ ಹಸಿರಾಗಿದೆ, ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆ ಇವತ್ತಿಗೂ ನಡೆಯುತ್ತದೆ. ಕೊಡವರಿಗೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಅದು ನಿಮಗೆ ಅನ್ವಯಿಸುವುದಿಲ್ಲ. ಕರಿಮದ್ದಿನ ಬಂದೂಕಿಗೂ ಇವತ್ತಿನ ತೋಟಾಕ್ಕೂ ಹೋಲಿಕೆಯೂ ಇಲ್ಲ. ಇಂದಿನ ಮದ್ದಿನಲ್ಲಿ ಬಗೆ ತಪ್ಪಿದರೆ, ಎರಡು ಸಲ ತುಂಬಿದರೆ, ಬ್ಯಾರೆಲ್ ಮುಖದ ಪಕ್ಕದಲ್ಲೇ ಬಿರಿಯುತ್ತದೆ. ಮದ್ದು ಕಮ್ಮಿಯಾದರೆ ಗುಂಡು ಬ್ಯಾರೆಲ್ ನಡುವೆ ಸಿಕ್ಕಿಕೊಳ್ಳುತ್ತದೆ. ಗೊತ್ತಾಗದೆ ಇನ್ನೊಂದು ಹೊಡೆದರೆ ಅದೂ ಅಷ್ಟೇ ಅಪಾಯ.

ಇದನ್ನು ಕೇಳಿ ನಿರಾಶರಾಗಬೇಡಿ. ಒಲಿಂಪಿಕ್ಸ್‌ನಲ್ಲಿ ಸೆಂಟರ್‌ಫೈರ್ ತೋಟಾ ಬಳಸುವ 300 ಮೀಟರ್ ರೈಫಲ್ 1972ರ ನಂತರ ಇಲ್ಲ. ರೈಫಲ್ ಸ್ಪರ್ಧೆಗಳಲ್ಲಿ ಈಗ ಇರುವುದು 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ .22 ಮಾತ್ರ. ಎರಡಕ್ಕೂ ಬಳಸುವುದು ಫ್ಯಾಕ್ಟರಿ ಮಾಲು. ಹುಬ್ಬಳ್ಳಿಯಿಂದ ನಾಲ್ಕು ಗಂಟೆ ದಾರಿಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ಗೆದ್ದರು. ಅವರು ಹೊಡೆದದ್ದೂ .22 ತೋಟಾನೇ. ಅಂದರೆ ಡಬ್ಬಿಯಲ್ಲಿ ಬರುವ ತೋಟಾದಲ್ಲಿ ಒಲಿಂಪಿಕ್ ಪದಕದಷ್ಟು ನಿಖರತೆ ಇದೆ. ಯಾವ ಡಬ್ಬಿ ನಿಮ್ಮ ಬ್ಯಾರೆಲ್‌ಗೆ ಒಗ್ಗುತ್ತದೆ ಅನ್ನುವುದೇ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು.

.22 ಗುಂಡು ಸುಮಾರು ಸೆಕೆಂಡಿಗೆ 325 ಮೀಟರ್ ವೇಗದಲ್ಲಿ ಹೊರಡುತ್ತದೆ. 50 ಮೀಟರ್ ಮುಟ್ಟುವಷ್ಟರಲ್ಲಿ 12-13 ಸೆಂ.ಮೀ. ಕೆಳಗೆ ಇಳಿದಿರುತ್ತದೆ. ಒಂದು ಗುಂಡು 10 ಮೀಟರ್ ನಿಧಾನವಾಗಿ, ಅಂದರೆ 315ರಲ್ಲಿ ಹೊರಟರೆ ಇನ್ನೂ 7-8 ಮಿ.ಮೀ. ಕೆಳಗೆ ಬೀಳುತ್ತದೆ. 50 ಮೀಟರ್ ಗುರಿಯಲ್ಲಿ ಹತ್ತರ ಉಂಗುರದ ಅಗಲವೇ 10.4 ಮಿ.ಮೀ. ಆದ್ದರಿಂದ ತೋಟಾದಿಂದ ತೋಟಾಕ್ಕೆ ವೇಗ ಬದಲಾದರೆ ಗುರಿಯ ಮೇಲೆ ಅದು ಕಾಣುತ್ತದೆ, ಆದರೆ ಮೇಲೆ-ಕೆಳಗೆ ಮಾತ್ರ. ನಿಮ್ಮ ಹಳೆ ಕಾರ್ಡ್‌ಗಳನ್ನು ತೆಗೆದು ನೋಡಿ. ಗುಂಡುಗಳು ನಿಂತ ಬಾಳೆಕಾಯಿಯ ಹಾಗೆ ಉದ್ದುದ್ದ ಹರಡಿದ್ದರೆ ತೋಟಾ ಮೇಲೆ ಅನುಮಾನ ಪಡಿ, ಉಸಿರಾಟದ ಮೇಲೂ ಪಡಿ. ಅಡ್ಡಡ್ಡ ಹರಡಿದ್ದರೆ ಮದ್ದಿಗೂ ಅದಕ್ಕೂ ಸಂಬಂಧ ಕಮ್ಮಿ, ಅದು ಹೆಚ್ಚಾಗಿ ಗಾಳಿ ಇಲ್ಲವೇ ಕುದುರೆ ಎಳೆಯುವ ಬೆರಳು.

ಗಾಳಿಯ ವಿಷಯ ಗದಗದವರಿಗೆ ನಾನು ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಸುಮ್ನೆ ಅಲ್ಲ. ಮುಖಕ್ಕೆ ತಾಗಿದ್ದು ಗೊತ್ತೇ ಆಗದಂಥ ಗಾಳಿ, ಸೆಕೆಂಡಿಗೆ 1 ಮೀಟರ್, ಪಕ್ಕದಿಂದ ಬೀಸಿದರೆ .22 ಗುಂಡನ್ನು 50 ಮೀಟರಿಗೆ ಸುಮಾರು 5 ಮಿ.ಮೀ. ತಳ್ಳುತ್ತದೆ. ಎಡದಿಂದ ಬೀಸುತ್ತಿದ್ದದ್ದು ನಡುವೆ ಬಲದಿಂದ ಬೀಸತೊಡಗಿತು ಅನ್ನಿ, ಒಂದು ಸೆಂಟಿಮೀಟರ್ ಅಲ್ಲಿಗೇ ಹೋಯಿತು. ರೇಂಜ್‌ನಲ್ಲಿ 10 ಮೀಟರ್ ಮತ್ತು 30 ಮೀಟರ್ ದೂರಕ್ಕೆ ಬಟ್ಟೆಯ ಪಟ್ಟಿ ಕಟ್ಟಿರುತ್ತಾರಲ್ಲ, 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ್ದು, ಅದನ್ನು ನೀವು ಪ್ರತಿ ಗುಂಡಿಗೂ ನೋಡುತ್ತಿದ್ದೀರಾ? ಪತ್ರದಲ್ಲಿ ಮದ್ದಿನ ತೂಕ ಬರೆದಿದ್ದೀರಿ, ಗಾಳಿಯ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಕೇಳಿದೆ.

ನಿಮ್ಮ 12 ಮತ್ತು 24 ಮಿ.ಮೀ. ಕಥೆಗೆ ಬರುತ್ತೇನೆ. ಇದರಿಂದ ಡಬ್ಬಿಯಲ್ಲಿ ದೋಷವಿದೆ ಅಂತ ಸಾಬೀತಾಗುವುದಿಲ್ಲ. ಅದೇ ರೈಫಲ್, ಅದೇ ತೋಟಾ, ಅದೇ ಕೈ ಇದ್ದರೂ ಐದು ಗುಂಡಿನ ಒಂದು ಗ್ರೂಪು ಇನ್ನೊಂದರ ಎರಡರಷ್ಟು ಆಗುವುದು ಒಮ್ಮೊಮ್ಮೆ ಇದ್ದದ್ದೇ. ನಾಣ್ಯ ಐದು ಸಲ ಚಿಮ್ಮಿದರೆ ಒಮ್ಮೊಮ್ಮೆ ನಾಲ್ಕು ಸಲ ರಾಜನೇ ಬೀಳುವುದಿಲ್ಲವಾ, ಹಾಗೆ. ವಿಡಿಯೋದವರು ತೋರಿಸುವುದು 12 ಬಂದ ಕಾರ್ಡನ್ನು. 24 ಬಂದದ್ದನ್ನು ತೋರಿಸುವುದಿಲ್ಲ. ತೋಟಾ ಪರೀಕ್ಷಿಸಬೇಕೆಂದರೆ ಹತ್ತು ಗುಂಡಿನ ಗ್ರೂಪು, ಕಮ್ಮಿಯೆಂದರೂ ನಾಲ್ಕು ಬೇಕು, ಅವುಗಳ ಸರಾಸರಿ ನೋಡಬೇಕು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ರೈಫಲ್-ತೋಟಾದ ಹರಡು ಮತ್ತು ನಿಮ್ಮ ಕೈಯ ಹರಡು ನೇರವಾಗಿ ಕೂಡಿಕೊಳ್ಳುವುದಿಲ್ಲ. ಹೈಸ್ಕೂಲಿನ ಲಂಬಕೋನ ತ್ರಿಭುಜದ ಎರಡು ಬಾಹುಗಳ ಹಾಗೆ ಕೂಡುತ್ತವೆ. 3 ಮತ್ತು 4 ಸೇರಿ 7 ಅಲ್ಲ, 5. ನಿಮ್ಮ ಕೈಯ ಪಾಲು 24, ತೋಟಾದ ಪಾಲು 14 ಅಂತ ಇಟ್ಟುಕೊಳ್ಳಿ, ಒಟ್ಟು ಸುಮಾರು 28. ಈಗ ತುಂಬಾ ಕಷ್ಟಪಟ್ಟು, ದುಡ್ಡು ಸುರಿದು ತೋಟಾದ್ದನ್ನು 14ರಿಂದ 10ಕ್ಕೆ ಇಳಿಸಿದಿರಿ. ಒಟ್ಟು 26 ಆಗುತ್ತದೆ. ಉಳಿದದ್ದು ಎರಡೇ ಮಿ.ಮೀ. ಅದರ ಬದಲು ಕೈಯ ಪಾಲನ್ನು 24ರಿಂದ 18ಕ್ಕೆ ತಂದರೆ ಒಟ್ಟು 23ಕ್ಕಿಂತ ಕೆಳಗೆ ಬರುತ್ತದೆ. ದೊಡ್ಡ ಬಾಹು ಯಾವುದೋ ಅದನ್ನೇ ಮೊದಲು ಕತ್ತರಿಸಬೇಕು.

ಯಾವುದು ದೊಡ್ಡದು ಅಂತ ತಿಳಿಯುವುದು ಹೇಗೆ? ಬೆಳಿಗ್ಗೆ ಬೇಗ, ಗಾಳಿ ಏಳುವ ಮೊದಲು ರೇಂಜ್‌ಗೆ ಹೋಗಿ. ರೈಫಲಿನ ಮುಂದಿನ ಕಟ್ಟಿಗೆಯ ಕೆಳಗೊಂದು, ಹಿಂದಿನ ಬುಡದ ಕೆಳಗೊಂದು ಮರಳಿನ ಚೀಲ ಇಟ್ಟು ಹೊಡೆಯಿರಿ. ಬ್ಯಾರೆಲ್ ಮಾತ್ರ ಚೀಲಕ್ಕೆ ತಾಗಬಾರದು. ಒಗ್ಗಿದ ಒಳ್ಳೆ ಪಂದ್ಯದ ತೋಟಾ ಇದ್ದರೆ ಹತ್ತು ಗುಂಡು, ನಡುವಿನಿಂದ ನಡುವಿಗೆ ಅಳೆದರೆ, 10-15 ಮಿ.ಮೀ. ಒಳಗೆ ಇರಬೇಕು. ಗುಂಡಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಒಳಗಿದ್ದರೆ ಅದರ ಅಂಚು ಹತ್ತರ ಗೆರೆ ಮುಟ್ಟುತ್ತದೆ, ಅಂದರೆ 16 ಮಿ.ಮೀ. ಗ್ರೂಪು ಸರಿಯಾಗಿ ಮಧ್ಯಕ್ಕೆ ಕೂತರೆ ಹತ್ತೂ ಹತ್ತೇ. ಚೀಲದ ಮೇಲೆ 14 ಬಂದು, ತೋಳಿಗೆ ರೈಫಲಿನ ಬೆಲ್ಟ್ ಹಾಕಿ ಮಲಗಿದಾಗ 28 ಬಂದರೆ ಉತ್ತರ ಸಿಕ್ಕಿತು. ಚೀಲದ ಮೇಲೂ 25 ಬಂದರೆ ಆವಾಗ ರೈಫಲ್ ಮತ್ತು ತೋಟಾ ಕಡೆ ತಿರುಗೋಣ.

ತಿರುಗಿದರೂ ಮೊದಲು ಸ್ಕ್ರೂ ನೋಡಿ. ಬ್ಯಾರೆಲ್ ಭಾಗವನ್ನು ಕಟ್ಟಿಗೆಗೆ ಹಿಡಿದಿರುವ ಎರಡು ಸ್ಕ್ರೂ, ಹಿಂದಿನ ಸೈಟ್ (ಗುರಿ ನೋಡುವ ಭಾಗ) ಹಿಡಿದಿರುವ ಸ್ಕ್ರೂ. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಇಡೀ ಸೀಸನ್ ಪೆಲೆಟ್ ಬದಲಿಸುತ್ತಾ ಕಳೆದೆ. ನಾಲ್ಕು ಬ್ರಾಂಡ್ ತರಿಸಿದೆ. ಕೊನೆಗೆ ಒಬ್ಬ ಹಿರಿಯರು ನನ್ನ ಹಿಂದಿನ ಸೈಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರು. ಕೂದಲೆಳೆಯಷ್ಟು ಅಲುಗಿತು. ಸದ್ದೂ ಬಂತು, ಟಿಕ್ ಅಂತ. ಕಣ್ಣಿನಿಂದ ಮುಂದಿನ ಸೈಟಿಗೆ ಒಂದು ಮೀಟರ್ ಒಳಗಿನ ಆ ಕೂದಲೆಳೆ, 50 ಮೀಟರಿನಲ್ಲಿ ಎಷ್ಟು ದೊಡ್ಡದಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸ್ಕ್ರೂ ಬಿಗಿಯನ್ನು ರೈಫಲ್ ಪುಸ್ತಕದಲ್ಲಿ ಹೇಳಿದಷ್ಟೇ, ಟಾರ್ಕ್ ಪಾನದಲ್ಲಿ ಅಳೆದೇ ಮಾಡಿ. ಜೋರಾಗಿ ತಿರುವಿದರೆ ಒಳ್ಳೆಯದು ಅನ್ನುವುದೂ ತಪ್ಪು.

ಆಮೇಲೆ ಲಾಟ್ ಪರೀಕ್ಷೆ. ಹ್ಯಾಂಡ್‌ಲೋಡಿಂಗ್‌ನಿಂದ ನೀವು ಬಯಸಿದ್ದೆಲ್ಲ .22ರಲ್ಲಿ ಸಿಗುವುದು ಇಲ್ಲಿ. ಒಂದೇ ಬ್ರಾಂಡ್, ಒಂದೇ ಬೆಲೆ, ಆದರೂ ಡಬ್ಬಿಯ ಮೇಲಿನ ಲಾಟ್ ನಂಬರ್ ಬೇರೆಯಾದರೆ ನಿಮ್ಮ ಬ್ಯಾರೆಲ್‌ನಲ್ಲಿ ಅದು ಬೇರೆ ತೋಟಾ ಇದ್ದಂತೆ. ಎಲಿ, ಲಾಪುವಾ ಕಂಪನಿಗಳು ರೈಫಲನ್ನು ಸ್ಟ್ಯಾಂಡಿಗೆ ಬಿಗಿದು ಲಾಟ್ ಪರೀಕ್ಷೆ ಮಾಡಲೆಂದೇ ಕೇಂದ್ರ ಇಟ್ಟಿವೆ. ನಮ್ಮ ಮಟ್ಟದಲ್ಲಿ ಮರಳಿನ ಚೀಲ ಸಾಕು. ಬಾಲೇವಾಡಿಗೆ ಹೋಗುವ ಮೂರ್ನಾಲ್ಕು ಜನ ಸೇರಿ ಬೇರೆ ಬೇರೆ ಲಾಟಿನದು ಹಂಚಿಕೊಂಡು ಪರೀಕ್ಷಿಸಿ. ತೋಟಾ ಬದಲಿಸಿದಾಗ ಮೊದಲ 20-25 ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಮೇಣ ಬ್ಯಾರೆಲ್‌ಗೆ ಹಿಡಿಯಲು ಅಷ್ಟು ಬೇಕು. ಒಂದು ಲಾಟ್ ಒಗ್ಗಿತೋ, ನಿಮ್ಮ ಲೈಸೆನ್ಸಿನ ಮಿತಿಯೊಳಗೆ ಆದಷ್ಟು ಅದೇ ಲಾಟ್ ತೆಗೆದಿಡಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ, ಮೇಣ ಕರಗಿ ಕೆಳಗಿಳಿಯುತ್ತದೆ. ಕೆಲವರು ತೋಟಾ ತೂಗಿ, ಅಂಚಿನ ದಪ್ಪ ಅಳೆದು ಆರಿಸುತ್ತಾರೆ. ಬಿಚ್ಚದೆ ಮಾಡುವುದರಿಂದ ಅದರಲ್ಲಿ ಅಪಾಯವಿಲ್ಲ. ಒಳ್ಳೆ ಪಂದ್ಯದ ತೋಟಾದಲ್ಲಿ ಅದರಿಂದ ಬದಲಾವಣೆ ಕಂಡದ್ದು ನನ್ನ ಅನುಭವದಲ್ಲಿ ಇಲ್ಲ.

ಪೆಲೆಟ್ ತೂಗುವ ಬಗ್ಗೆ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಪರಿಚಯದ ಪತ್ತಾರರ ಅಂಗಡಿಯಲ್ಲಿ ಕೂತು, ಬಂಗಾರ ತೂಗುವ ತಕ್ಕಡಿಯಲ್ಲಿ ಪೆಲೆಟ್ ತೂಗಿದ್ದೇನೆ. ಸಾಮಾನ್ಯ ರೈಫಲ್ ಪೆಲೆಟ್ 0.53 ಗ್ರಾಂ. ಒಂದು ಪೆಲೆಟ್ 0.01 ಗ್ರಾಂ ಜಾಸ್ತಿ ಇದ್ದರೆ, ಒಳ್ಳೆ ಡಬ್ಬಿಯಲ್ಲಿ ಅಷ್ಟೂ ಇರುವುದಿಲ್ಲ, ಅದು 10 ಮೀಟರಿಗೆ ಸುಮಾರು 0.3 ಮಿ.ಮೀ. ಕೆಳಗೆ ಬೀಳುತ್ತದೆ. ಗುರಿಯಲ್ಲಿ 0.1 ಅಂಕ ಅಂದರೆ 0.25 ಮಿ.ಮೀ. ನಿಮ್ಮ 612 ಅಂದರೆ ಗುಂಡಿಗೆ ಸರಾಸರಿ 10.2. ಅಂದರೆ ನಿಮ್ಮ ಪೆಲೆಟ್‌ಗಳು ಸರಾಸರಿ ನಡುವಿನಿಂದ 2 ಮಿ.ಮೀ. ಹತ್ತಿರ ಬೀಳುತ್ತಿವೆ. ಆ ಎರಡರಲ್ಲಿ ತೂಕದ ಪಾಲು ಎಷ್ಟು ಚಿಕ್ಕದು ಕಾಣುತ್ತದಲ್ವಾ?

ತೂಗುವ ಬದಲು ನೋಡಿ. ಅಕ್ಕಿ ಹಸನು ಮಾಡುವಾಗ ಮೊರದಲ್ಲಿ ಹರಡುತ್ತೇವಲ್ಲ, ಹಾಗೆ ಬಿಳಿ ಬಟ್ಟೆಯ ಮೇಲೆ ಪೆಲೆಟ್‌ಗಳನ್ನು ಹಿಂಭಾಗ ಮೇಲಾಗಿ ನಿಲ್ಲಿಸಿ, ಭೂತಗನ್ನಡಿ ಹಿಡಿಯಿರಿ. ಲಂಗದಂತೆ ಅರಳಿದ ಆ ಹಿಂಭಾಗದ ಅಂಚು ಕಾಗದದಷ್ಟು ತೆಳು. ಡಬ್ಬಿ ಒಮ್ಮೆ ಕೈಜಾರಿ ಬಿದ್ದರೂ ಸಾಕು, ದುಂಡು ಹೋಗಿ ಮೊಟ್ಟೆಯಾಕಾರ ಬರುತ್ತದೆ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಸೀಸದ ಮೇಲೆ ಬೂದಿಯಂಥ ಬಿಳಿ ಪುಡಿ ಕೂರುತ್ತದೆ. ಅಂಥವನ್ನು ಪ್ರಾಕ್ಟೀಸಿಗೂ ಬಳಸಬೇಡಿ. ಇದನ್ನು ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಸೀಸ ವಿಷ. 4.49, 4.50, 4.51 ಅಂತ ತಲೆಯ ಅಳತೆ ಡಬ್ಬಿಯ ಮೇಲೆ ಇರುತ್ತದೆ. ಮೂರನ್ನೂ ತಂದು ರೈಫಲನ್ನು ಬಿಗಿದು ಹೊಡೆದು ಒಂದನ್ನು ಆರಿಸಿ. ಸಾಧ್ಯವಾದರೆ ವೇಗ ಅಳೆಯುವ ಕ್ರೊನೊಗ್ರಾಫ್ ಮುಂದೆ ಇಪ್ಪತ್ತು ಗುಂಡು ಹೊಡೆಯಿರಿ. ವೇಗ ಸೆಕೆಂಡಿಗೆ 2-3 ಮೀಟರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಆಗುತ್ತಿದ್ದರೆ ಪೆಲೆಟ್‌ಗಿಂತ ರೈಫಲಿನಲ್ಲಿ ಗಾಳಿಯ ಒತ್ತಡ ಸಮವಾಗಿಡುವ ರೆಗ್ಯುಲೇಟರ್ ಮೇಲೆ ನನಗೆ ಅನುಮಾನ. ಗಾಳಿ ಸಿಲಿಂಡರಿನ ಮೇಲೆ ತಯಾರಾದ ತಾರೀಖು ಕೆತ್ತಿರುತ್ತದೆ, ಅದನ್ನೂ ಈ ನೆಪದಲ್ಲಿ ನೋಡಿಬಿಡಿ. ಸಾಮಾನ್ಯವಾಗಿ ಅಲ್ಯೂಮಿನಿಯಂ ಸಿಲಿಂಡರಿಗೆ ಹತ್ತು ವರ್ಷ ಆಯುಷ್ಯ. 200 ಬಾರ್ ಒತ್ತಡ ಕೆನ್ನೆಯ ಪಕ್ಕದಲ್ಲಿ ಇರುತ್ತದೆ, ಅವಧಿ ಮುಗಿದಿದ್ದರೆ ಬಳಸಲೇಬಾರದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮುಂದಿನ ಎರಡು ತಿಂಗಳು ಹೊಸ ತೋಟಾ ಕೊಳ್ಳುತ್ತಿರಲಿಲ್ಲ. ಚೀಲದ ಪರೀಕ್ಷೆ ಒಮ್ಮೆ, ಮನೆಯಲ್ಲಿ ದಿನಾ ಅರ್ಧ ಗಂಟೆ ಖಾಲಿ ರೈಫಲ್ ಹಿಡಿದು ಕುದುರೆ ಎಳೆಯುವ ಅಭ್ಯಾಸ. ಖಾಲಿ ಪಿನ್ನು ಅಂಚಿಗೆ ಬಡಿದರೆ .22 ಚೇಂಬರ್ ಹಾಳಾಗುತ್ತದೆ, ಆದ್ದರಿಂದ ಇದನ್ನು ಏರ್ ರೈಫಲ್‌ನ ಡ್ರೈ ಫೈರ್ ಗುಂಡಿಯಲ್ಲೇ ಮಾಡಿ. ಟಿಕ್ ಅಂದ ಕ್ಷಣದಲ್ಲಿ ಮುಂದಿನ ಸೈಟಿನ ಉಂಗುರ ಎಲ್ಲಿತ್ತು ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕಿ. ಸಾವಿರ ಗುರುತು ಆದ ಮೇಲೆ ಆ ಪುಸ್ತಕ ತೆಗೆದುಕೊಂಡು ಹುಬ್ಬಳ್ಳಿಗೆ ಬನ್ನಿ, ಕೂತು ನೋಡೋಣ.

ಇನ್ನು ಆ ಬಿಚ್ಚಿದ ಮೂರು ತೋಟಾ. ಮದ್ದು ತೆಗೆದ ಖಾಲಿ ಕೇಸುಗಳ ಅಂಚಿನಲ್ಲಿ ಕಿಡಿಮದ್ದು ಇನ್ನೂ ಜೀವಂತ ಇದೆ. ಅವನ್ನು ಜಜ್ಜಬೇಡಿ, ಕಾಯಿಸಬೇಡಿ, ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ. ಮದ್ದನ್ನು ಕಸದ ಬುಟ್ಟಿಗೂ ಹಾಕಬೇಡಿ, ಒಲೆಗೂ ಹಾಕಬೇಡಿ, ಕೇಸುಗಳ ಜೊತೆ ಒಂದೇ ಡಬ್ಬಿಯಲ್ಲೂ ಇಡಬೇಡಿ. ತೋಟಾ ಕೊಂಡ ಲೈಸೆನ್ಸ್‌ದಾರ ಅಂಗಡಿಗೆ ಇವತ್ತೇ ಫೋನ್ ಮಾಡಿ, ಏನು ಮಾಡಿದಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಎಲ್ಲಿಗೆ ಹೇಗೆ ಒಪ್ಪಿಸಬೇಕು ಅಂತ ಕೇಳಿ. ಅವರು ಹೇಳುವವರೆಗೆ ಬಸ್ಸಿನಲ್ಲೋ ರೈಲಿನಲ್ಲೋ ಒಯ್ಯಬೇಡಿ. ನಿಮ್ಮ ತೋಟಾ ಲೆಕ್ಕದಲ್ಲಿ ಆ ಮೂರನ್ನು ತಾರೀಖು ಸಮೇತ ಬರೆದಿಡಿ. ತೋಟಾ ಬಿಚ್ಚಿದ ಮೇಜಿನ ಮೇಲೆ, ಕೆಳಗೆ ನೆಲದ ಸಂದಿಯಲ್ಲಿ ಮದ್ದಿನ ಕಣ ಬಿದ್ದಿದೆಯಾ ಅಂತ ಬೆಳಕು ಹಿಡಿದು ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.